ಗಂಟೆಗೆ ಸುತ್ತಿದ ಹುಲ್ಲು

ಚೀನಾಕ್ಕೆ ಹೊರಟ ಆ ಹಡಗಿನಲ್ಲಿ ನಾವು ನೂರಿಪ್ಪತ್ತು ಜನ. ನಡುಗಡಲಲ್ಲಿ ಹಾಯಿ ಹರಿದು ಚಿಂದಿಯಾಯಿತು. ನನ್ನ ಮೇಲಂಗಿಯನ್ನೇ ಬಿಚ್ಚಿ ಕಟ್ಟಿ, ಹಡಗನ್ನು ದಡ ಮುಟ್ಟಿಸಿದವನು ನಾನು. ಉಳಿದ ನೂರಹತ್ತೊಂಬತ್ತು ಜನರೂ ಆಮೇಲೆ ಒಬ್ಬೊಬ್ಬರಾಗಿ ತೀರಿಹೋದರು. ಇಲ್ಲ ಎನ್ನಲು ಈಗ ಯಾರೂ ಇಲ್ಲ.

ನನಗೆ ಓದು ಬಾರದು. ಆದರೂ ಚೀನಾದ ಸುದ್ದಿ ಕೇಳಲು, ಜಪಾನಿನ ಈ ಹೊಳೆಯ ದಡದ ಗುಡಿಸಲಿಗೆ ಎಷ್ಟೋ ಜನ ಬರುತ್ತಿದ್ದರು. ಅವರಲ್ಲಿ ದೋಣಿಯವನ ಮಗ ಹಿರೋತರಿ ಒಬ್ಬನೇ ನನ್ನ ಬಳಿ ಉಳಿದ. ಶಿಷ್ಯನಾದ.

ಆಗ ನಮ್ಮ ದೊರೆಗೆ ಎರಡು ಹುಚ್ಚು. ಆಳುವುದಕ್ಕೆ ಚೀನಾದ ರೀತಿ, ಮನಸ್ಸಿಗೆ ಬುದ್ಧನ ಸೂತ್ರ. ಚೀನಾದವರಂತೆ ಮನೆತನ ನೋಡದೆ ಯೋಗ್ಯತೆ ನೋಡಿ, ಪದವಿಯ ಗುರುತಾಗಿ ಬಣ್ಣದ ಟೊಪ್ಪಿಗೆ ಕೊಟ್ಟ. ನಮ್ಮ ಹಿರೋತರಿಗೂ ಒಂದು ನೀಲಿ ಟೊಪ್ಪಿಗೆ ಬಂತು.

ದೊರೆ ಅರಮನೆಯ ಬಾಗಿಲಲ್ಲಿ ಒಂದು ಪೆಟ್ಟಿಗೆ ಇಡಿಸಿದ, ಒಂದು ಗಂಟೆ ತೂಗುಹಾಕಿಸಿದ. ಅನ್ಯಾಯವಾದವರು ಪೆಟ್ಟಿಗೆಗೆ ಅರ್ಜಿ ಹಾಕಬೇಕು. ಅಧಿಕಾರಿಗಳು ತಡಮಾಡಿದರೆ ಗಂಟೆ ಬಾರಿಸಬೇಕು. ಗಂಟೆ ಕಾಯುವವನು ಹಿರೋತರಿ.

ಒಂದು ಬೆಳಿಗ್ಗೆ ಓಡಿ ಬಂದ.

“ಗುರುಗಳೇ, ಇನಾಮೆ ಅಂತ ಒಬ್ಬ ವಿಧವೆ. ಅವಳ ಗದ್ದೆಯ ಕಾಲುವೆಯನ್ನು ಕುಲದ ಯಜಮಾನ ಮುಚ್ಚಿಸಿದ್ದಾನೆ. ಅರ್ಜಿ ಹಾಕಿ ಇಪ್ಪತ್ತು ದಿನವಾಯಿತು. ಇನ್ನು ಮೂರು ದಿನದಲ್ಲಿ ನಾಟಿಯಾಗದಿದ್ದರೆ ವರ್ಷವಿಡೀ ಅವಳ ಮಕ್ಕಳಿಗೆ ಅನ್ನವಿಲ್ಲ.”

“ಗಂಟೆ ಬಾರಿಸಲಿಲ್ಲವೇ?”

“ಬಾರಿಸಿದಳು. ಯಾರಿಗೂ ಕೇಳಿಸಲಿಲ್ಲ.” ತಲೆ ತಗ್ಗಿಸಿದ. “ಒಳಗೆ ಸೂತ್ರಪಠಣ. ಸದ್ದಾಗಬಾರದು ಎಂದ ಮಂತ್ರಿ. ಗಂಟೆ ಬಡಿಯುವ ಮರದ ದಿಮ್ಮಿಗೆ ನಾನೇ ಹುಲ್ಲು ಸುತ್ತಿದೆ. ಮೂರು ದಿನಕ್ಕೆ ಅಂದಿದ್ದರು. ತಿಂಗಳಾಯಿತು.”

“ಬಿಚ್ಚು.”

“ಟೊಪ್ಪಿಗೆ ಹೋಗುತ್ತದೆ. ಅಲ್ಲದೆ ಒಳಗೆ ಓದುತ್ತಿರುವುದು ಬುದ್ಧನ ಮಾತು. ಅಡ್ಡಿಮಾಡಿದರೆ ಪಾಪವಲ್ಲವೇ?”

ನನ್ನ ಊರುಗೋಲಿಗೆ ಹುಲ್ಲು ಸುತ್ತಿ ಅವನ ಬೆನ್ನಿಗೆ ಬಾರಿಸಿದೆ.

“ತಾಗಿತೇ?”

“ಇಲ್ಲ.”

ಹುಲ್ಲು ಬಿಚ್ಚಿ ಇನ್ನೊಂದು ಕೊಟ್ಟೆ.

“ಅಯ್ಯಯ್ಯೋ!”

“ಬುದ್ಧನಿಗೂ ಮೊದಲು ಕೇಳಿಸಿದ್ದು ಈ ‘ಅಯ್ಯೋ’ ಎಂಬ ಕೂಗೇ, ಸೂತ್ರವಲ್ಲ,” ಎಂದೆ.

ಅವನು ಬೆನ್ನು ಉಜ್ಜಿಕೊಂಡ. “ಚೀನಾದಲ್ಲಿ ಗಂಟೆ ಬಾರಿಸಿದರೆ ಏನಾಗುತ್ತದೆ?”

“ಏನಾಗುತ್ತದೆಯೇ? ಕಣ್ಣಾರೆ ಕಂಡಿದ್ದೇನೆ ಕಣೋ! ಚಕ್ರವರ್ತಿ ಊಟಕ್ಕೆ ಕೂತಿದ್ದ. ಢಣ್ ಎಂದಿತು. ಬಾಯಲ್ಲಿದ್ದ ತುತ್ತು ಉಗುಳಿ ಬರಿಗಾಲಲ್ಲಿ ಓಡಿಬಂದ. ಹಿಂದೆ ಚಪ್ಪಲಿ ಹಿಡಿದುಕೊಂಡು ನಲವತ್ತು ಮಂತ್ರಿಗಳು!”

ಹಿರೋತರಿ ನಗಲಿಲ್ಲ. ಹಲ್ಲು ಕಚ್ಚಿಕೊಂಡು ಹೊರಟ.

ಎಂಟು ದಿನ ಬಿಟ್ಟು ಬಂದ. ತಲೆ ಬರಿದಾಗಿತ್ತು.

“ಬಿಚ್ಚಿದೆ, ಬಾರಿಸಿದೆ. ಭಿಕ್ಷುಗಳ ಪಠಣ ನಿಂತಿತು. ಮಂತ್ರಿ ಕೂಗಾಡಿದ. ನಾನು ಬಿಡಲಿಲ್ಲ. ಕೊನೆಗೆ ದೊರೆಯೇ ಬಂದು, ‘ಯಾರ ಅಪ್ಪಣೆ?’ ಎಂದ. ಚೀನಾದ ಚಕ್ರವರ್ತಿ ಬರಿಗಾಲಲ್ಲಿ ಓಡಿಬಂದದ್ದನ್ನು ಹೇಳಿದೆ. ದೊರೆ ತನ್ನ ಕಾಲು ನೋಡಿಕೊಂಡ. ಚಪ್ಪಲಿ ಬಿಟ್ಟು, ಅಲ್ಲೇ ನೆಲದ ಮೇಲೆ ಕೂತು, ಪೆಟ್ಟಿಗೆ ತೆರೆಸಿದ.”

“ನಿನ್ನ ಟೊಪ್ಪಿಗೆ?”

“ದೊರೆ ಒಳಗೆ ಹೋದ ಮೇಲೆ ಮಂತ್ರಿ ಕಿತ್ತುಕೊಂಡ. ಹಳೇ ಕಡತಗಳ ಕೋಣೆಯಲ್ಲಿ ಧೂಳು ಹೊಡೆಯಲು ಹಾಕಿದ್ದಾನೆ.” ನನ್ನ ಮುಖವನ್ನೇ ನೋಡಿದ. “ಅಲ್ಲಿ ನಿಮ್ಮ ಹಡಗಿನ ಕಡತ ಸಿಕ್ಕಿತು, ಗುರುಗಳೇ. ಹಾಯಿ ಹರಿದ ಮೇಲೆ ಅದು ಹಿಂದಕ್ಕೆ ತಿರುಗಿತಂತೆ. ನಮ್ಮ ದಡಕ್ಕೇ ಬಂದು ಬಿತ್ತಂತೆ. ನೀವು ಚೀನಾ ನೋಡೇ ಇಲ್ಲ.”

ನಾನು ಭುಜ ಕುಣಿಸಿದೆ.

“ಇನಾಮೆಯ ಗದ್ದೆಗೆ ನೀರು ಬಂತೋ ಇಲ್ಲವೋ, ಅದನ್ನು ಹೇಳು.”