ಮೂರನೇ ಫೋಟೋದ ಹೊಟ್ಟೆ

ಕೈಗೆ ಏನೇ ಬಂದರೂ ಮಾಳಿ ಮೊದಲು ಅದನ್ನು ಮಗುಚಿ ನೋಡುವಳು. ಮಡಕೆ ಕೊಂಡರೆ ತಳ, ಬದನೆಕಾಯಿಯಾದರೆ ಅಡಿ, ಬಲೆಗೆ ಬಿದ್ದ ಮೀನಾದರೆ ಹೊಟ್ಟೆ. "ನಿನ್ನ ನೋಡೋಕೆ ಬರೋ ಗಂಡನ್ನೂ ಹಿಂಗೇ ಮಗುಚ್ತೀಯೇನೇ?" ಎಂದು ಅಣ್ಣ ಕಾಟಯ್ಯ ಗೇಲಿ ಮಾಡುತ್ತಿದ್ದ. ಅಣ್ಣ ತಂಗಿ ಇಬ್ಬರೇ. ದೊಡ್ಡ ಕೆರೆಯಲ್ಲಿ ಮೀನು ಹಿಡಿದು ಬದುಕುವವರು.

ಒಂದು ದಿನ ಅರಸ ವೀರಕೇತು ಡಂಗುರ ಹೊಡೆಸಿದ.

"ಕೇಳ್ರಪ್ಪೋ ಕೇಳಿ! ದಕ್ಷಿಣ ಅಮೆರಿಕದ ನದಿಗಳಿಂದ ಬಂದ, ಕಲ್ಲಿಗೆ ಬಾಯಿ ಕಚ್ಚಿ ಹಿಡಿಯುವ ಸಕ್ಕರ್ ಮೀನು ನಮ್ಮ ಕೆರೆ ತುಂಬಿದೆ. ಏರಿಯೊಳಗೆ ಬಿಲ ತೋಡಿ ಏರಿಯನ್ನೇ ಒಡೆದಿದೆ. ಅರಮನೆಯ ಮೂರು ಫೋಟೋ ನೋಡಿ ಮೂರು ಒಗಟು ಬಿಡಿಸಿದವರಿಗೆ ಕೆರೆಯ ಅಧಿಕಾರ, ಜೊತೆಗೆ ಕೇಳಿದ್ದೊಂದು ವರ. ತಪ್ಪು ಹೇಳಿದವರಿಗೆ ಹುಣ್ಣಿಮೆಯ ಬೆಳಗ್ಗೆ ಶಿರಚ್ಛೇದ!"

ಮೊದಲು ಹೋದ ಆಸ್ಥಾನ ಪಂಡಿತ ಮೂರನೇ ಒಗಟಿನಲ್ಲಿ ಸೋತ. ಆಮೇಲೆ ಹೋದ ಕಾಟಯ್ಯನೂ ಅಲ್ಲೇ ಸೋತ. ಹುಣ್ಣಿಮೆಗೆ ಒಂದೇ ದಿನವಿತ್ತು. ಮಾಳಿ ಬಲೆ ಕೆಳಗಿಟ್ಟು ಅರಮನೆಗೆ ನಡೆದಳು.

ಆಸ್ಥಾನದ ಮೂಲೆಯಲ್ಲಿ ಪಂಡಿತ, ಕಾಟಯ್ಯ ಇಬ್ಬರೂ ಸರಪಳಿ ತೊಟ್ಟು ಕೂತಿದ್ದರು. ಗಾಜಿನ ತೊಟ್ಟಿಯ ಬಣ್ಣದ ಮೀನು ಮಾರುವ ರೂಪಚಂದ ಶೆಟ್ಟಿಯೂ ಒಗಟು ಬಿಡಿಸಲು ಅಂದೇ ಬಂದಿದ್ದ. ಮಾಳಿಯನ್ನು ನೋಡಿ ಅವನು ಮೂಗು ಮುಚ್ಚಿಕೊಂಡ. "ಏನಮ್ಮಾ, ಮೀನು ಮಾರೋಕೆ ಬಂದ್ಯಾ? ಅಡುಗೆಮನೆ ಹಿಂದ್ಗಡೆ ಇದೆ."

ಮಾಳಿ ತಲೆ ತಗ್ಗಿಸಿ ನಿಂತಳು.

ಅರಸ ಮೊದಲ ಫೋಟೋ ಎತ್ತಿದ. "ಇಲ್ಲಿ ಎರಡು ಮೀನಿವೆ. ಎರಡಕ್ಕೂ ಚಿರತೆಯ ಚುಕ್ಕಿ, ಮೈತುಂಬ ಕವಚ, ಕೆಳಗಡೆ ಬಾಯಿ. ಇವು ಒಂದೇ ಕುಲವೋ, ಬೇರೆಬೇರೆಯೋ? ಹೇಗೆ ಗೊತ್ತು?"

"ಒಂದೇ ಕುಲ ಪ್ರಭು! ಚಿಕ್ಕದು ಮರಿ, ದೊಡ್ಡದು ತಾಯಿ. ಇಂಥವನ್ನ ಸಾವಿರ ಮಾರಿದ್ದೀನಿ," ಎಂದ ಶೆಟ್ಟಿ.

"ತಪ್ಪು."

ಭಟರು ಅವನ ತೋಳು ಹಿಡಿದರು.

ಮಾಳಿ ಮೆಲ್ಲಗೆ ಹೇಳಿದಳು. "ಬೇರೆಬೇರೆ ಬುದ್ಧೀ. ಬೆನ್ನಿನ ರೆಕ್ಕೆ ಬಿಚ್ಚಿದೆಯಲ್ಲ, ಮುಂದಿನ ಮುಳ್ಳು ಬಿಟ್ಟು ಕಡ್ಡಿ ಎಣಿಸಿ. ಒಂದರಲ್ಲಿ ಏಳು. ಇನ್ನೊಂದರಲ್ಲಿ ಹನ್ನೆರಡು, ಹಾಯಿಪಟದ ಥರ. ಮರಿಗೆ ಏಳಿದ್ದು ಬೆಳೆದ ಮೇಲೆ ಹನ್ನೆರಡಾಗಲ್ಲ."

ಅರಸ ಎರಡನೆಯದನ್ನು ಎತ್ತಿದ. "ಇವೆರಡೂ ಹಾಯಿರೆಕ್ಕೆಯವು. ಒಂದೇ ಅಳತೆ, ಒಂದೇ ಬಣ್ಣ. ಗಾಜಿಗೆ ಕಚ್ಚಿಕೊಂಡು ನಿಂತಿವೆ. ಇವನ್ನು ಬೇರೆ ಮಾಡುವುದು ಏನು?"

"ಹೊಟ್ಟೆ. ಒಂದರದು ರಾಗಿ ಚೆಲ್ಲಿದ ಹಾಗೆ ಬಿಡಿಬಿಡಿ ಚುಕ್ಕಿ. ಇನ್ನೊಂದರಲ್ಲಿ ಚುಕ್ಕಿಗಳು ಕೂಡಿಕೊಂಡು, ಕೆಸರಲ್ಲಿ ಎರೆಹುಳ ಹರಿದ ಹಾಗೆ ಗೆರೆ."

ಸಭೆಯಲ್ಲಿ ಗುಜುಗುಜು ಎದ್ದಿತು. ಅರಸ ಮೂರನೆಯದನ್ನು ಅವಳ ಕೈಗೇ ಕೊಟ್ಟ. ಮೇಲಿನಿಂದ ತೆಗೆದ ಒಂದು ಮರಿ ಮೀನು. ರೆಕ್ಕೆ ಮಡಚಿ ಮರಳಿನ ಮೇಲೆ ಮಲಗಿತ್ತು. "ಇದು ಯಾವುದು?"

"ಹೊಟ್ಟೆಯಲ್ಲಿ ಚುಕ್ಕಿ ಇರೋದು ಅಂತ ಹೇಳಿ ನಾನು ಕೆಟ್ಟೆ!" ಎಂದು ಪಂಡಿತ ಕೂಗಿದ. "ಗೆರೆ ಅಂದು ನಾನೂ ಕೆಟ್ಟೆ, ತಂಗೀ!" ಎಂದ ಕಾಟಯ್ಯ.

ಮಾಳಿ ಅಭ್ಯಾಸಬಲದಿಂದ ಫೋಟೋ ಮಗುಚಿದಳು. ಬರೀ ಬಿಳಿ ಕಾಗದ. ಸಭೆಯೆಲ್ಲ ಗೊಳ್ಳೆಂದಿತು. ಅವಳ ಕಿವಿ ಕೆಂಪಾಯಿತು. ಎರಡೂ ಉತ್ತರ ತಪ್ಪಾದರೆ ಉಳಿದದ್ದು ಏಳು ಕಡ್ಡಿಯದೇ? ಅಣ್ಣನ ಮುಖ ನೋಡಿದಳು. ಬಾಯಿಗೆ ಬಂದದ್ದು ಹೇಳಿದರೆ ನಾಳೆ ಬೆಳಗ್ಗೆ ಇಬ್ಬರ ತಲೆಯೂ ಇಲ್ಲ.

"ಗೊತ್ತಿಲ್ಲ, ಬುದ್ಧೀ," ಎಂದಳು.

ನಗೆ ನಿಂತಿತು.

"ನನಗೂ ಗೊತ್ತಿಲ್ಲ, ಈ ಫೋಟೋ ನೋಡಿ ಯಾರಿಗೂ ಗೊತ್ತಾಗಲ್ಲ. ರೆಕ್ಕೆ ಮಡಚಿದೆ, ಕಡ್ಡಿ ಎಣಿಸೋಕಾಗಲ್ಲ. ಹೊಟ್ಟೆ ಮರಳಿನ ಮೇಲಿದೆ. ಮೀನು ಕೈಗೆ ಕೊಡಿ, ಹೇಳ್ತೀನಿ. ಬೆನ್ನು ಮಾತ್ರ ನೋಡಿ ಹೆಸರಿಟ್ಟರೆ ಅದು ಸುಳ್ಳು."

ಅರಸ ಸಿಂಹಾಸನದಿಂದ ಇಳಿದು ಬಂದ. "ಸರಿಯಾದ ಉತ್ತರ ಅದೇ," ಎಂದ. ದನಿ ಸಣ್ಣಗಿತ್ತು. "ಪಂಡಿತನೂ ನಿನ್ನಣ್ಣನೂ ಕಾಣದ ಹೊಟ್ಟೆಗೆ ಹೆಸರಿಟ್ಟರು. ಆರು ವರ್ಷದ ಹಿಂದೆ ಹಡಗಿನ ವ್ಯಾಪಾರಿಯೊಬ್ಬ ಇದೇ ಫೋಟೋ ತೋರಿಸಿದ. ಇದು ಅಂಗೈಯಷ್ಟೇ ಬೆಳೆಯುವ ಜಾತಿ, ಪಾಚಿ ತಿಂದುಕೊಂಡಿರುತ್ತೆ ಎಂದ. ನಾನು ನಂಬಿ ನೂರು ಮರಿ ತರಿಸಿ ಕೆರೆಗೆ ಬಿಟ್ಟೆ. ಅವು ಮೊಳದುದ್ದ ಬೆಳೆದವು. ಏರಿ ಒಡೆದದ್ದು ನನ್ನಿಂದ."

ಅರಸ ಮಾಳಿಯ ಕೈಯಿಂದ ಫೋಟೋ ವಾಪಸು ತೆಗೆದುಕೊಂಡ.

"ಕೆರೆ ಇನ್ನು ನಿನ್ನ ಸುಪರ್ದಿಗೆ. ವರ ಕೇಳು."

"ಅಣ್ಣನ್ನ ಬಿಡಿ. ಪಂಡಿತರನ್ನೂ, ಶೆಟ್ಟರನ್ನೂ."

ಸರಪಳಿಗಳು ಕಳಚಿದವು. ಶೆಟ್ಟಿ ಬಂದು, "ಅವ್ವಾ, ತಪ್ಪಾಯ್ತು," ಎಂದು ಕೈಮುಗಿದ. ಕಾಟಯ್ಯ ಅಳುತ್ತಲೇ ನಕ್ಕ. "ಮಗುಚಿ ಮಗುಚಿ ಕೊನೆಗೂ ಅರಸರನ್ನೇ ಮಗುಚಿಬಿಟ್ಟೆಯಲ್ಲೇ!"

ಮಾಳಿ ನಗಲಿಲ್ಲ. ಅರಸನ ಕಡೆ ತಿರುಗಿದಳು. "ಬುದ್ಧೀ, ಇದು ವರ ಅಲ್ಲ, ಬರೀ ಕೋರಿಕೆ. ಗೊತ್ತಿಲ್ಲದೆ ತಪ್ಪು ಹೇಳಿದವರ ತಲೆ ಇನ್ನು ಮುಂದೆ ತೆಗೆಯಲ್ಲ ಅಂತ ಇನ್ನೊಂದು ಡಂಗುರ ಹೊಡೆಸ್ತೀರಾ?"

ಅರಸ ಡಂಗುರದ ಆಜ್ಞೆ ಬರೆದಿದ್ದ ಕಾಗದ ತರಿಸಿಕೊಂಡ. ಅದನ್ನು ನಿಧಾನವಾಗಿ ಮಗುಚಿದ. ಹಿಂಬದಿ ಇನ್ನೂ ಖಾಲಿಯಿತ್ತು. ಲೇಖನಿಗೆ ಕೈ ಚಾಚಿದ.