ಕಹಳೆಗೆ ಜಾರಿದ ಪಟ್ಟದಾನೆ

"ವಾದದಲ್ಲಿ ನನ್ನನ್ನು ಸೋಲಿಸುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ!"

ಹೆಮ್ಮರದುರ್ಗದ ಆಸ್ಥಾನ ಪಂಡಿತ ತ್ರ್ಯಂಬಕರು ದಿನಕ್ಕೊಮ್ಮೆಯಾದರೂ ಹೀಗೆ ಹೇಳುತ್ತಿದ್ದರು. ಊಟ ಮರೆತರೂ ಈ ಮಾತು ಮರೆಯುತ್ತಿರಲಿಲ್ಲ. ಹಾಗೆ ನೋಡಿದರೆ ಊಟವನ್ನೂ ಅವರು ಎಂದೂ ಮರೆತವರಲ್ಲ.

ದೊರೆ ಹೊನ್ನಭೂಪನ ಪಕ್ಕದಲ್ಲಿ ಕೂತು ವೀಳ್ಯ ಮಡಿಸಿಕೊಡುವ ಲಕ್ಕಲೆ ಇದನ್ನು ಮೂರು ವರ್ಷದಿಂದ ಕೇಳುತ್ತಲೇ ಇದ್ದಳು. ಆದರೆ ಅಂದು ಪಂಡಿತರು ಬರೀ ಜಂಬ ಕೊಚ್ಚಿ ಸುಮ್ಮನಾಗಲಿಲ್ಲ. ಕೋಟೆ ಬಾಗಿಲಲ್ಲಿ ಬೆಳಗಾಗುತ್ತಲೇ ಕಹಳೆ ಊದುವ ಈರಯ್ಯನನ್ನು ಹೆಂಡತಿ ಮಕ್ಕಳ ಸಮೇತ ಸಂಜೆಯೊಳಗೆ ಗಡಿಪಾರು ಮಾಡಬೇಕೆಂದು ಹಟ ಹಿಡಿದರು.

"ಅವನು ಮಾಡಿದ ತಪ್ಪೇನು?" ಎಂದ ದೊರೆ.

"ಪ್ರಭು, ನಿನ್ನೆ ಬೆಳಗ್ಗೆ ಇವನು ಕಹಳೆ ಊದಿದ. ಊದಿದ ಮೇಲೆ ಪಟ್ಟದಾನೆ ಜಾರಿ ಬಿತ್ತು. ಮೊದಲು ಕಹಳೆ, ಆಮೇಲೆ ಆನೆ. ಕಾರಣ ಬೇರೆ ಹುಡುಕಬೇಕೆ?"

ಸಭೆಯ ನಡುವೆ ನಿಲ್ಲಿಸಿದ್ದ ಈರಯ್ಯ ಕೈಮುಗಿದ. "ಬುದ್ಧೀ, ಇಪ್ಪತ್ತು ವರ್ಷದಿಂದ ಊದ್ತಾ ಇದೀನಿ. ಆನೆ ಬಿದ್ದದ್ದು ಕೆರೆ ಮೆಟ್ಟಿಲ ಪಾಚಿ ಮೇಲೆ ಕಾಲಿಟ್ಟು..."

"ಇವನ ಅಪ್ಪ ಕುಡುಕ, ಪ್ರಭು! ಕುಡುಕನ ಮಗನ ಮಾತು ಸಭೆಗೆ ಸಲ್ಲುತ್ತದೆಯೇ?"

ಪಾಚಿಗೂ ಕುಡುಕ ಅಪ್ಪನಿಗೂ ಏನು ನಂಟೆಂದು ಯಾರೂ ಕೇಳಲಿಲ್ಲ. ಸಭೆಯ ಹಿರಿಯರೆಲ್ಲ ಗಂಭೀರವಾಗಿ ತಲೆದೂಗಿದರು.

"ನೋಡಿ, ಸಭೆಗೆ ಸಭೆಯೇ ಒಪ್ಪಿದೆ," ಎಂದರು ಪಂಡಿತರು. "ಇಷ್ಟು ಮಂದಿ ಒಪ್ಪಿದ್ದು ಸುಳ್ಳಾದೀತೆ? ಇನ್ನಿರುವುದು ಎರಡೇ ದಾರಿ. ಈರಯ್ಯ ಹೋಗಬೇಕು, ಇಲ್ಲವೇ ತಾವು ಪಟ್ಟದಾನೆಯ ಆಸೆ ಬಿಡಬೇಕು."

ದೊರೆಗೆ ಆನೆಯೆಂದರೆ ಪ್ರಾಣ. ಅಪ್ಪಣೆ ಕೊಡಲು ಅವನು ಬಾಯಿ ತೆರೆಯುವುದರಲ್ಲಿದ್ದ. ಈರಯ್ಯ ಮತ್ತೆ ಮತ್ತೆ ಕೈಮುಗಿಯುವುದನ್ನು ಕಂಡು ಲಕ್ಕಲೆಗೆ ಅಳುವೂ ಬಂತು, ಸಿಟ್ಟೂ ಬಂತು. ಪಂಡಿತರ ಮನೆ ಇರುವುದು ಕೋಟೆ ಬಾಗಿಲ ಪಕ್ಕದಲ್ಲೇ. ಹೊತ್ತು ನೆತ್ತಿಗೆ ಬರುವ ತನಕ ಅವರಿಗೆ ನಿದ್ದೆ ಬೇಕು. ತರ್ಕಶಾಸ್ತ್ರದಲ್ಲಿ ಈ ಕಾರಣಕ್ಕೆ ಏನು ಹೆಸರಿದೆಯೋ ಅವಳಿಗೆ ಗೊತ್ತಿರಲಿಲ್ಲ.

"ಪ್ರಭು, ಪಂಡಿತರ ವಾದ ನನಗೆ ತುಂಬ ಹಿಡಿಸಿತು," ಎಂದಳು.

ಪಂಡಿತರು ಶಾಲು ಕೊಡವಿಕೊಂಡರು. "ಪರವಾಗಿಲ್ಲ, ಎಲೆ ಮಡಿಸುವವಳಿಗೂ ತಿಳಿಯಿತು!"

"ತಿಳಿಯದೆ ಏನು ಸ್ವಾಮಿ. ಮೊದಲು ನಡೆದದ್ದೇ ಆಮೇಲೆ ನಡೆದದ್ದಕ್ಕೆ ಕಾರಣ. ಬೇರೆ ಸಾಕ್ಷಿ ಬೇಡ. ಅಲ್ಲವೇ?"

"ಬೇಡವೇ ಬೇಡ!"

"ಹಾಗಾದರೆ ಇನ್ನೊಬ್ಬ ಅಪರಾಧಿಯನ್ನೂ ಇವತ್ತೇ ಹಿಡಿದುಬಿಡೋಣ. ಪ್ರಭು, ಪಂಡಿತರು ಈ ಆಸ್ಥಾನಕ್ಕೆ ಬಂದ ಮೇಲೆ ತಮ್ಮ ಎರಡು ಹಲ್ಲು ಬಿದ್ದವು."

ದೊರೆಯ ಕೈ ತಾನಾಗಿಯೇ ಕೆನ್ನೆಗೆ ಹೋಯಿತು.

"ರಾಜಮಾತೆಯವರಿಗೆ ಮಂಡಿನೋವು ಶುರುವಾಯಿತು. ಮೂಡಣ ಗಡಿಯ ಹಳ್ಳಿ ಶತ್ರುವಿನ ಪಾಲಾಯಿತು. ಮೊದಲು ಪಂಡಿತರು, ಆಮೇಲೆ ಇವೆಲ್ಲ."

"ಹೌದಲ್ಲ!" ಎಂದ ದೊರೆ.

"ಪ್ರಭು, ಇವಳ ಮಾತು..." ಎಂದು ಪಂಡಿತರು ಎದ್ದು ನಿಂತರು.

"ಇವರ ತಾತ ಜೂಜುಕೋರರಂತೆ," ಎಂದಳು ಲಕ್ಕಲೆ. "ಜೂಜುಕೋರನ ಮೊಮ್ಮಗನ ಮಾತು ಸಭೆಗೆ ಸಲ್ಲುತ್ತದೆಯೇ?"

ಹಿರಿಯರು ಇದಕ್ಕೂ ತಲೆದೂಗಿದರು. ಅವರ ಕೊರಳಿಗೆ ಅದು ಅಭ್ಯಾಸವಾಗಿಹೋಗಿತ್ತು.

"ನೋಡಿ, ಸಭೆಯೂ ಒಪ್ಪಿತು. ಇನ್ನಿರುವುದು ಎರಡೇ ದಾರಿ. ಪಂಡಿತರು ಹೋಗಬೇಕು, ಇಲ್ಲವೇ ತಾವು ಉಳಿದ ಹಲ್ಲಿನ ಆಸೆ ಬಿಡಬೇಕು."

ದೊರೆ ಕಾವಲಿನವರ ಕಡೆ ತಿರುಗಿದ. ಪಂಡಿತರ ಮುಖ ಬಿಳಿಚಿಕೊಂಡಿತು.

"ಪ್ರಭು! ತಾತನ ಜೂಜಿಗೂ ತಮ್ಮ ಹಲ್ಲಿಗೂ ಏನು ನಂಟು? ಒಂದಾದ ಮೇಲೊಂದು ನಡೆದ ಮಾತ್ರಕ್ಕೆ ಮೊದಲನೆಯದೇ ಕಾರಣವೇ? ಹಲ್ಲು ಬಿದ್ದದ್ದು ಹುಳುಕಿನಿಂದ! ನೂರು ಮಂದಿ ತಲೆದೂಗಿದರೂ ಸುಳ್ಳು ಸುಳ್ಳೇ. ಎರಡೇ ದಾರಿಯಂತೆ! ವೈದ್ಯನನ್ನು ಕರೆಸುವುದು ಮೂರನೆಯ ದಾರಿಯಲ್ಲವೇ? ನಿಜವಾದ ಕಾರಣ ಹುಡುಕದೆ ಸಂಸಾರಸ್ಥನನ್ನು ಊರು ಬಿಡಿಸುವುದು ಘೋರ ಅನ್ಯಾಯ!"

ಪಂಡಿತರು ಶಾಲಿನ ಸೆರಗಿನಿಂದ ಹಣೆ ಒರೆಸಿಕೊಂಡರು.

"ಆಹಾ, ವಾದವೆಂದರೆ ಇದು!" ಎಂದಳು ಲಕ್ಕಲೆ. "ಈರಯ್ಯಾ, ಪಂಡಿತರ ಕಾಲಿಗೆ ಬೀಳಪ್ಪ. ನಿನ್ನ ಪರವಾಗಿ ಇಷ್ಟು ಚೆನ್ನಾಗಿ ಮಾತಾಡುವವರು ರಾಜ್ಯದಲ್ಲಿ ಇನ್ನೊಬ್ಬರಿಲ್ಲ."

ಈರಯ್ಯ ಪಾಪ, ನಿಜವಾಗಿಯೂ ಬಿದ್ದ. ಪಂಡಿತರಿಗೆ ಕಾಲು ಹಿಂದಕ್ಕೆಳೆದುಕೊಳ್ಳಲೂ ಆಗಲಿಲ್ಲ, ಆಶೀರ್ವಾದ ಮಾಡಲೂ ಆಗಲಿಲ್ಲ.

ದೊರೆಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಈರಯ್ಯ ಊರಲ್ಲೇ ಇರಲಿ, ನಾಳೆಯಿಂದ ಇನ್ನೂ ಜೋರಾಗಿ ಊದಲಿ ಎಂದ. ಕೆರೆ ಮೆಟ್ಟಿಲ ಪಾಚಿ ಉಜ್ಜುವ ಕೆಲಸವನ್ನು ತಲೆದೂಗಿದ ಹಿರಿಯರಿಗೇ ಒಪ್ಪಿಸಿದ. ತನ್ನ ಕೊರಳ ಮುತ್ತಿನ ಸರ ತೆಗೆದು ಕೈಯಲ್ಲಿ ಹಿಡಿದು, "ಇದು ಗೆದ್ದವರಿಗೆ. ಲಕ್ಕಲೆ, ನೀನೇ ಹೇಳು, ಗೆದ್ದವರು ಯಾರು?" ಎಂದು ಕೇಳಿದ.

"ಪಂಡಿತರೇ, ಪ್ರಭು. ಸೋತವರೂ ಅವರೇ. ನಾನು ಎಲೆ ಮಡಿಸುತ್ತಿದ್ದೆ, ಅಷ್ಟೇ."