ಒಂದು ಮೋಲ್ ಉಪ್ಪು, ಒಂದು ಕವಳಿಗೆ ಎಲೆ

ಮೂರು ತಲೆಮಾರಿನಿಂದ ಈ ಊರಿಗೆ ಮೇಷ್ಟರನ್ನು ಕೊಟ್ಟ ಮನೆತನ ನಮ್ಮದು. ನನ್ನ ತಂಗಿಯ ಮಗಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಮೋಲ್ ಎಂಬ ಅಳತೆಯ ಪಾಠಕ್ಕೆ ಅವಳು ಒಂದೇ ಅಳತೆಯ ಎರಡು ಬಟ್ಟಲಲ್ಲಿ ಸಕ್ಕರೆ, ಉಪ್ಪು ಇಟ್ಟಿದ್ದಾಗ, ಅಲ್ಲಿನ ಆಡಳಿತ ಮಂಡಳಿಯ ಕಾರ್ಯದರ್ಶಿ ಚೆನ್ನವೀರಯ್ಯನವರು ವಿದ್ಯಾರ್ಥಿಗಳೆದುರೇ ಅವಳನ್ನು ಕಳ್ಳಿ ಎಂದರು.

"ಎರಡೂ ಒಂದೊಂದು ಮೋಲ್ ಅಂತೀಯ. ಸಕ್ಕರೆ ಬಟ್ಟಲು ತುಂಬಿದೆ, ಉಪ್ಪು ತಳದಲ್ಲಿದೆ. ಉಳಿದ ಉಪ್ಪು ಯಾರ ಮನೆಗೆ ಹೋಯಿತಮ್ಮ? ನಾಳೆಯಿಂದ ಬರಬೇಡ."

ಹುಡುಗಿ ದನಿ ಏರಿಸಲಿಲ್ಲ. ಅವರ ಎಲೆಯಡಿಕೆ ಚೀಲ ನೋಡಿ ಕೇಳಿದಳು, "ಸರ್, ಒಂದು ಕವಳಿಗೆಗೆ ಎಷ್ಟು ವೀಳ್ಯದೆಲೆ?"

"ನೂರು."

"ಚಿಗುರೆಲೆಯ ಕವಳಿಗೆ, ಬಲಿತೆಲೆಯ ಕವಳಿಗೆ, ಎರಡೂ ಒಂದೇ ತೂಕವೇ?"

"ಹೇಗಾಗುತ್ತೆ? ಎಣಿಕೆ ಒಂದೇ, ತೂಕ ಬೇರೆ."

"ಮೋಲ್ ಕೂಡ ಕಣಗಳ ಎಣಿಕೆಯೇ ಸರ್. ಸಕ್ಕರೆಯ ಕಣ ಭಾರ, ಉಪ್ಪಿನದು ಹಗುರ."

ಕಾರ್ಯದರ್ಶಿಗಳು ಎಲೆ ಅಗಿಯುವುದನ್ನೇ ನಿಲ್ಲಿಸಿದರು. "ಇರಲಿ, ಪಾಠ ಮುಂದುವರಿಸಿ" ಎಂದು ಹೊರಟರು.

ಇರಲಿ ಎಂದರೆ ಸಾಲದು. ಅದೇ ವಿದ್ಯಾರ್ಥಿಗಳೆದುರು ಅವರು ಕ್ಷಮೆ ಕೇಳಬೇಕು.